ಸ್ಕ್ರೀನ್ ಶೇರ್ ಕೊಟ್ಟರೆ ಇಡೀ ಕಂಪ್ಯೂಟರ್ ಅವರ ಕೈಗೆ ಹೋಗುತ್ತದಾ?

ಪ್ರಶ್ನೆ: ಕೆಲಸಕ್ಕೆ ಅರ್ಜಿ ಹಾಕಿದ್ದೆ. ಮೊದಲ ಸುತ್ತಿನ ಇಂಟರ್‌ವ್ಯೂ ಆನ್‌ಲೈನ್‌ನಲ್ಲಿ, ಪೂರ್ತಿ ರೆಕಾರ್ಡ್ ಆಗುತ್ತದೆ ಎಂದಿದ್ದಾರೆ. ಲಿಂಕ್ ತೆರೆದರೆ ಮೈಕ್, ಕ್ಯಾಮೆರಾ, ಸ್ಕ್ರೀನ್ ಮೂರಕ್ಕೂ ಪರ್ಮಿಶನ್ ಕೇಳಿತು. ಮೊದಲೆರಡಕ್ಕೆ ಅಲೋ ಒತ್ತಿದೆ. ಸ್ಕ್ರೀನ್ ಕೇಳಿದಾಗ ಭಯವಾಗಿ ಮುಚ್ಚಿಬಿಟ್ಟೆ. ಕೊಟ್ಟರೆ ನನ್ನ ಫೈಲ್‌ಗಳೆಲ್ಲ ಅವರಿಗೆ ಸಿಗುತ್ತವಾ? ಇಂಟರ್‌ವ್ಯೂ ಮುಗಿದ ಮೇಲೂ ನೋಡ್ತಾ ಇರ್ತಾರಾ?

ಉತ್ತರ: ಭಯಪಟ್ಟಿದ್ದು ಒಳ್ಳೆಯದೇ. ಆದರೆ ಭಯ ಸ್ವಲ್ಪ ಉಲ್ಟಾ ಆಗಿದೆ. ನೀವು ಯೋಚಿಸದೆ ಕೊಟ್ಟ ಮೈಕ್, ಕ್ಯಾಮೆರಾ ಪರ್ಮಿಶನ್ ಉಳಿದುಕೊಳ್ಳುವಂಥದ್ದು. ಹೆದರಿ ಮುಚ್ಚಿದ ಸ್ಕ್ರೀನ್ ಪರ್ಮಿಶನ್ ಆ ಹೊತ್ತಿಗೆ ಮುಗಿದು ಹೋಗುವಂಥದ್ದು.

ಕ್ರೋಮ್ ಮೈಕ್, ಕ್ಯಾಮೆರಾ ಕೇಳುವಾಗ ಈಗ ಮೂರು ಆಯ್ಕೆ ತೋರಿಸುತ್ತದೆ. ಸೈಟ್‌ಗೆ ಬಂದಾಗಲೆಲ್ಲ ಸರಿ, ಈ ಸಲ ಮಾತ್ರ, ಬೇಡವೇ ಬೇಡ ಎನ್ನುವ ಅರ್ಥದವು. ಅವಸರದಲ್ಲಿ ಎಲ್ಲರ ಬೆರಳೂ ಮೇಲಿನದಕ್ಕೇ ಹೋಗುತ್ತದೆ. ಅದನ್ನು ಒತ್ತಿದರೆ ಮುಂದಿನ ವಾರ ಅದೇ ಸೈಟ್ ತೆರೆದಾಗ ಕೇಳದೆಯೇ ಕ್ಯಾಮೆರಾ ಆನ್ ಮಾಡಿಕೊಳ್ಳಬಹುದು. ಸೈಟ್ ಮುಚ್ಚಿದ್ದರೆ ಏನೂ ಮಾಡಲಾಗದು, ಅದು ನಿಜ. ಆದರೂ ಒಂದು ದಿನದ ಇಂಟರ್‌ವ್ಯೂಗೆ ‘ಈ ಸಲ ಮಾತ್ರ’ ಸಾಕು ಅಲ್ವಾ? ಫೈರ್‌ಫಾಕ್ಸ್‌ನಲ್ಲಾದರೆ ನಿರ್ಧಾರ ನೆನಪಿಟ್ಟುಕೋ ಎನ್ನುವ ಟಿಕ್ ಹಾಕದೆ ಬಿಡಿ.

ಸ್ಕ್ರೀನ್‌ಗೆ ಹೀಗೆ ನೆನಪಿಟ್ಟುಕೊಳ್ಳುವ ಸೌಕರ್ಯವೇ ಇಲ್ಲ. ಸೈಟ್ ಪ್ರತಿ ಸಲ ಕೇಳಬೇಕು, ಏನು ತೋರಿಸಬೇಕೆಂದು ಪ್ರತಿ ಸಲ ನೀವೇ ಆರಿಸಬೇಕು. ಬ್ರೌಸರ್‌ಗಳ ನಿಯಮವೇ ಹಾಗೆ. ಅವರಿಗೆ ಹೋಗುವುದು ಚಿತ್ರ, ನೀವು ಒಪ್ಪಿದರೆ ಧ್ವನಿ, ಅಷ್ಟೇ. ನಿಮ್ಮ ಮೌಸ್ ಹಿಡಿಯಲು, ಫೋಲ್ಡರ್‌ನಿಂದ ಫೈಲ್ ಎತ್ತಲು ಆಗದು. ಶೇರ್ ಆಗುತ್ತಿರುವಾಗ ಕಾಣುವ ಪಟ್ಟಿಯಲ್ಲಿ ‘ಸ್ಟಾಪ್ ಶೇರಿಂಗ್’ ಒತ್ತಿದರೆ ಅಥವಾ ಆ ಟ್ಯಾಬ್ ಮುಚ್ಚಿದರೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಅಪಾಯ ಎಲ್ಲಿ? ನೀವು ಏನನ್ನು ಆರಿಸುತ್ತೀರಿ ಎಂಬುದರಲ್ಲಿ. ಕ್ರೋಮ್ ಮೂರು ವಿಭಾಗ ಕೊಡುತ್ತದೆ: ಟ್ಯಾಬ್, ವಿಂಡೋ, ಇಡೀ ಸ್ಕ್ರೀನ್. ಟ್ಯಾಬ್ ಆರಿಸಿದರೆ ಆ ಒಂದು ಪುಟ ಮಾತ್ರ ಹೋಗುತ್ತದೆ, ನೀವು ಪಕ್ಕದ ಟ್ಯಾಬ್‌ಗೆ ಹೋದರೂ ಅವರಿಗೆ ಕಾಣದು. ವಿಂಡೋ ಆರಿಸಿದರೆ ಆ ವಿಂಡೋದಲ್ಲಿ ಏನೇ ತೆರೆದರೂ ಕಾಣುತ್ತದೆ, ಮೇಲಿರುವ ಟ್ಯಾಬ್‌ಗಳ ಹೆಸರೂ ಸೇರಿ. ಇಡೀ ಸ್ಕ್ರೀನ್ ಎಂದರೆ ನಿಮ್ಮ ಕಣ್ಣಿಗೆ ಬೀಳುವುದೆಲ್ಲ, ಮೂಲೆಯಲ್ಲಿ ಹಾರಿ ಬರುವ ಮೆಸೇಜ್ ಕೂಡ.

ನನಗೂ ಹೀಗೇ ಆಗಿದೆ. ಒಂದು ಹೊಸ ಆಪ್ ಪರೀಕ್ಷೆ ಮಾಡಿಕೊಡಲು ರೆಕಾರ್ಡ್ ಆಗುವ ಸೆಷನ್‌ಗೆ ಕೂತಿದ್ದೆ. ಏನಾಗುತ್ತದೆ ಬಿಡು ಎಂದು ಇಡೀ ಸ್ಕ್ರೀನ್ ಕೊಟ್ಟೆ. ನಾನು ಗಂಭೀರವಾಗಿ ಅಭಿಪ್ರಾಯ ಹೇಳುತ್ತಿದ್ದಾಗ ಬಲಮೂಲೆಯಲ್ಲಿ ಅಮ್ಮನ ವಾಟ್ಸಾಪ್ ಬಂತು: ‘ಬಚ್ಚಲ ಪೈಪ್ ಮತ್ತೆ ಸೋರ್ತಿದೆ. ಆ ದರಿದ್ರ ಪ್ಲಂಬರ್‌ಗೆ ಇನ್ನು ದುಡ್ಡು ಕೊಡಬೇಡ.’ ಎದುರಿಗಿದ್ದವರು ಪಾಪ, ಕಾಣದವರಂತೆ ಇದ್ದರು. ರೆಕಾರ್ಡಿಂಗ್‌ಗೆ ಆ ಮರ್ಯಾದೆ ಇರುವುದಿಲ್ಲ.

ಆದ್ದರಿಂದ ಟ್ಯಾಬ್ ಸಾಕಾದರೆ ಟ್ಯಾಬ್ ಕೊಡಿ. ಕೆಲವು ಇಂಟರ್‌ವ್ಯೂ, ಪರೀಕ್ಷೆಯ ಸೈಟ್‌ಗಳು ಇಡೀ ಸ್ಕ್ರೀನೇ ಬೇಕು ಎನ್ನುತ್ತವೆ, ಟ್ಯಾಬ್ ಆರಿಸಿದರೆ ಪತ್ತೆ ಹಚ್ಚಿ ಮತ್ತೆ ಕೇಳುತ್ತವೆ. ಆಗ ವಾಟ್ಸಾಪ್, ಮೇಲ್, ಬ್ಯಾಂಕ್ ಎಲ್ಲ ಮುಚ್ಚಿ, ನೋಟಿಫಿಕೇಶನ್ ಬಂದ್ ಮಾಡಿ ಕೂರಿ. ಇನ್ನೊಂದು ಚಿಕ್ಕ ವಿಷಯ. ಇಡೀ ಸ್ಕ್ರೀನ್ ಆರಿಸುವಾಗ ಅಲ್ಲಿ ಕಾಣುವ ನಿಮ್ಮ ಸ್ಕ್ರೀನಿನ ಪುಟ್ಟ ಚಿತ್ರದ ಮೇಲೆ ಒಮ್ಮೆ ಕ್ಲಿಕ್ ಮಾಡಬೇಕು. ಅಲ್ಲಿಯವರೆಗೆ ‘ಶೇರ್’ ಬಟನ್ ಮಂಕಾಗಿಯೇ ಇರುತ್ತದೆ. ಕಂಪ್ಯೂಟರ್ ಕೆಟ್ಟಿದೆ ಎಂದುಕೊಂಡು ಇಲ್ಲೇ ಸಿಕ್ಕಿಬೀಳುವವರು ಜಾಸ್ತಿ.

ಗೊತ್ತಿಲ್ಲದೆ ‘ಬ್ಲಾಕ್’ ಒತ್ತಿದ್ದರೆ ಸೈಟ್ ಮತ್ತೆ ಕೇಳುವುದಿಲ್ಲ. ಸುಮ್ನೆ ರಿಫ್ರೆಶ್ ಮಾಡುತ್ತಾ ಕೂತರೆ ಪ್ರಯೋಜನವಿಲ್ಲ. ಅಡ್ರೆಸ್ ಬರೆಯುವ ಜಾಗದ ಎಡಗಡೆ ಚಿಕ್ಕ ಚಿಹ್ನೆ ಇದೆ. ಮೊದಲು ಬೀಗದ ಚಿತ್ರವಿತ್ತು, 2023ರಿಂದ ಕ್ರೋಮ್ ಅದನ್ನು ಬದಲಿಸಿದೆ, ಈಗ ಎರಡು ಗೆರೆಗಳ ಮೇಲೆ ಚುಕ್ಕೆ ಇಟ್ಟಂತೆ ಕಾಣುತ್ತದೆ. ಅದನ್ನು ಒತ್ತಿ ಮೈಕ್, ಕ್ಯಾಮೆರಾ ಆನ್ ಮಾಡಿ, ಆಮೇಲೆ ರಿಫ್ರೆಶ್ ಮಾಡಿ. ಮುಗಿದ ಮೇಲೆ ಪರ್ಮಿಶನ್ ವಾಪಸ್ ತೆಗೆದುಕೊಳ್ಳುವುದೂ ಇಲ್ಲೇ.

ಬ್ರೌಸರ್‌ನಲ್ಲಿ ಎಲ್ಲ ಸರಿಯಿದ್ದೂ ಚಿತ್ರ ಬರದಿದ್ದರೆ ಅದರ ಹಿಂದಿನ ಬಾಗಿಲು ನೋಡಿ. ವಿಂಡೋಸ್ ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಕ್ಯಾಮೆರಾಗೆ, ಮೈಕ್‌ಗೆ ಬೇರೆ ಬೇರೆ ಸ್ವಿಚ್ ಇವೆ, ಡೆಸ್ಕ್‌ಟಾಪ್ ಆಪ್‌ಗಳಿಗೆ ಇನ್ನೊಂದು. ಬೇರೆ ಮೀಟಿಂಗ್ ಆಪ್ ಕ್ಯಾಮೆರಾ ಹಿಡಿದುಕೊಂಡಿದ್ದರೂ ಬ್ರೌಸರ್‌ಗೆ ಸಿಗದಿರಬಹುದು. ಪೂರ್ತಿ ಕಪ್ಪು ಬಂದರೆ ಲೆನ್ಸ್ ಮೇಲಿನ ಪುಟ್ಟ ಶಟರ್ ಸರಿಸಿ ನೋಡಿ. ನಗಬೇಡಿ, ಅರ್ಧ ಗಂಟೆ ಸೆಟ್ಟಿಂಗ್ಸ್ ಕೆದಕಿ ಕೊನೆಗೆ ಶಟರ್ ಸರಿಸಿದವನು ಬರೆಯುತ್ತಿದ್ದೇನೆ.

ಮ್ಯಾಕ್‌ನಲ್ಲಿ ಸ್ಕ್ರೀನ್‌ಗೂ ಪ್ರತ್ಯೇಕ ಪರ್ಮಿಶನ್ ಬೇಕು, 2019ರಲ್ಲಿ ಬಂದ ಕ್ಯಾಟಲಿನಾ ಎಂಬ ಮ್ಯಾಕ್ ಆವೃತ್ತಿಯಿಂದ ಶುರುವಾದದ್ದು. ಪ್ರೈವೆಸಿ ಮತ್ತು ಸೆಕ್ಯುರಿಟಿ ಒಳಗೆ ಸ್ಕ್ರೀನ್ ರೆಕಾರ್ಡಿಂಗ್ ಎಂಬಲ್ಲಿ ಬ್ರೌಸರ್ ಆನ್ ಮಾಡಬೇಕು. ಮಾಡಿದ ಮೇಲೆ ಬ್ರೌಸರ್ ಪೂರ್ತಿ ಮುಚ್ಚಿ ತೆರೆಯಲು ಹೇಳುತ್ತದೆ. ಇಂಟರ್‌ವ್ಯೂ ನಡುವೆ ಇದಾದರೆ ಫಜೀತಿ, ಹಿಂದಿನ ದಿನವೇ ಮಾಡಿಕೊಳ್ಳಿ. ಮೊಬೈಲ್‌ನಲ್ಲಿ ಮುಗಿಸೋಣ ಎಂದುಕೊಂಡಿದ್ದರೆ ಬಿಟ್ಟುಬಿಡಿ: ಫೋನಿನ ಕ್ರೋಮ್, ಸಫಾರಿಗಳಿಂದ ಸ್ಕ್ರೀನ್ ಶೇರ್ ಆಗುವುದಿಲ್ಲ, ಅದಕ್ಕೆ ಆಪ್ ಬೇಕು.

ಬ್ರೌಸರ್ ಕೇಳುವ ಪರ್ಮಿಶನ್ ಯಾವುದರಲ್ಲೂ ರೆಕಾರ್ಡ್ ಎಂಬ ಮಾತೇ ಬರುವುದಿಲ್ಲ, ಗಮನಿಸಿದ್ದೀರಾ? ಬ್ರೌಸರ್ ಕೇಳುವುದು ಚಿತ್ರ, ಧ್ವನಿ ಕಳಿಸಲೇ ಎಂದಷ್ಟೆ. ಅದನ್ನು ಎಷ್ಟು ದಿನ ಇಡುತ್ತಾರೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತಾರೆ ಎನ್ನುವುದು ನಿಮ್ಮ ಮತ್ತು ಕಂಪನಿಯ ನಡುವಿನ ಮಾತು. ಒಂದು ಮೇಲ್ ಹಾಕಿ ಕೇಳಿ. ಕೇಳಿದ್ದಕ್ಕೆ ಕೆಲಸ ಕೊಡದ ಜಾಗ ನಿಮಗೆ ಬೇಡವೇ ಬೇಡ.

ಒಂದು ಕಡೆ ಮಾತ್ರ ನಿಮ್ಮ ಮೊದಲಿನ ಭಯವೇ ಸರಿ. ಇಂಟರ್‌ವ್ಯೂ ನೆಪದಲ್ಲಿ ಎನಿಡೆಸ್ಕ್ ಥರದ ಆಪ್ ಹಾಕಿಕೊಳ್ಳಿ, ಅದರಲ್ಲಿ ಬರುವ ನಂಬರ್ ಹೇಳಿ ಎಂದರೆ ಅದು ಸ್ಕ್ರೀನ್ ಶೇರ್ ಅಲ್ಲ, ಕಂಪ್ಯೂಟರನ್ನೇ ಕೈಗೆ ಕೊಡುವುದು. ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಯಾರಾದರೂ ಹಾಗೆ ಕೇಳಿದರೆ ಕಾಲ್ ಕಟ್ ಮಾಡಿ. ಈಗಾಗಲೇ ಕೊಟ್ಟು ದುಡ್ಡು ಹೋಗಿದ್ದರೆ ಮೊದಲು ಇಂಟರ್‌ನೆಟ್ ಕಿತ್ತುಹಾಕಿ, ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.