ಎಷ್ಟು ಒಗೆದರೂ ಪ್ಯಾಂಟಿನ ಡೀಸೆಲ್ ವಾಸನೆ ಹೋಗ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನ್ನ ತಮ್ಮ ಟ್ರ್ಯಾಕ್ಟರ್‌ಗೆ ಡೀಸೆಲ್ ತುಂಬಿಸುವಾಗ ಕ್ಯಾನ್ ಜಾರಿ ಪ್ಯಾಂಟಿನ ಮೇಲೆಲ್ಲ ಚೆಲ್ಲಿಕೊಂಡ. ಮೂರು ಸಲ ಮೆಷಿನ್‌ಗೆ ಹಾಕಿದೆ, ಫ್ಯಾಬ್ರಿಕ್ ಕಂಡೀಷನರ್ ಕೂಡ ಜಾಸ್ತಿನೇ ಹಾಕಿದೆ. ವಾಸನೆ ಹೋಗಿಲ್ಲ. ಈಗ ಮಕ್ಕಳ ಬಟ್ಟೆಗೂ ಹತ್ತಿದೆ. ಏನು ಮಾಡಲಿ?

ಉತ್ತರ: ಮೊದಲು ಆ ಕಂಡೀಷನರ್ ನಿಲ್ಲಿಸಿ. ಅದು ಬಟ್ಟೆಯ ಎಳೆಗಳಿಗೆ ತೆಳುವಾಗಿ ಜಿಡ್ಡು ಸವರಿದ ಹಾಗೆ ಅಂಟಿಕೊಳ್ಳುತ್ತದೆ. ಬಟ್ಟೆ ಮೆತ್ತಗಾಗುವುದೇ ಅದರಿಂದ. ಡೀಸೆಲ್ ಅದರ ಅಡಿಯಲ್ಲಿ ಹಾಯಾಗಿ ಕೂತಿರುತ್ತದೆ. ಎರಡು ದಿನ ಮಲ್ಲಿಗೆ ಘಮ, ಮೂರನೇ ದಿನ ಬಿಸಿಲಿಗೆ ಹೋದರೆ ಮತ್ತೆ ಬಂಕ್ ವಾಸನೆ.

ನಾವು ವಾಸನೆಯ ಹಿಂದೆ ಬೀಳುತ್ತೇವೆ, ಆದರೆ ತೆಗೆಯಬೇಕಾದ್ದು ಎಣ್ಣೆಯನ್ನು. ಪೆಟ್ರೋಲ್ ಆದರೆ ಬೇಗ ಆವಿಯಾಗುತ್ತದೆ, ಗಾಳಿಗೆ ನೇತುಹಾಕಿದರೆ ಬಹುಪಾಲು ತಾನೇ ಹೋಗುತ್ತದೆ. ಡೀಸೆಲ್ ಭಾರದ ಎಣ್ಣೆ, ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ. ಸೀಮೆಎಣ್ಣೆ ಇವೆರಡರ ನಡುವೆ. ಬಟ್ಟೆ ಪಾಲಿಯೆಸ್ಟರ್ ಆದರಂತೂ ಇನ್ನೂ ಕಷ್ಟ. ಅದೂ ಪೆಟ್ರೋಲಿಯಂನಿಂದಲೇ ಆದದ್ದು, ಎಣ್ಣೆ ಕಂಡರೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕಾಟನ್ ಸ್ವಲ್ಪ ವಾಸಿ.

ಮುಂದಿನ ಸಲ ಹೀಗಾದರೆ ಬಟ್ಟೆಯನ್ನು ನೇರ ಮೆಷಿನ್‌ಗೆ ಹಾಕಲೇಬೇಡಿ. ಪೆಟ್ರೋಲ್ ಸುಮಾರು ಮೈನಸ್ 40 ಡಿಗ್ರಿಯ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಮುಚ್ಚಿದ ಡ್ರಮ್, ಪಕ್ಕದಲ್ಲೇ ಮೋಟರು, ಸ್ವಿಚ್ಚು. ಒಂದು ಕಿಡಿ ಸಾಕು. ಡೀಸೆಲ್ ಅಷ್ಟು ಬೇಗ ಹೊತ್ತುವುದಿಲ್ಲ, ಆದರೆ ಬಿಸಿನೀರಿನ ವಾಶ್‌ನಲ್ಲಿ, ಡ್ರೈಯರ್‌ನಲ್ಲಿ ಅದನ್ನೂ ನಂಬಬಾರದು. ವಾಸನೆ ಪೂರ್ತಿ ಹೋಗುವ ತನಕ ಇಸ್ತ್ರಿಯೂ ಬೇಡ.

ಹೊಸದಾಗಿ ಚೆಲ್ಲಿದ್ದರೆ ಹಳೇ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ಮೇಲೆ ಕಡಲೆಹಿಟ್ಟೋ ಟಾಲ್ಕಂ ಪೌಡರೋ ಉದುರಿಸಿ ಅರ್ಧ ಗಂಟೆ ಬಿಟ್ಟು ಕೊಡವಿ. ಆಮೇಲೆ ಹೊರಗೆ, ಒಲೆ, ದೀಪ, ಬೀಡಿ-ಸಿಗರೇಟಿನಿಂದ ದೂರ, ಒಂದೆರಡು ದಿನ ಗಾಳಿಗೆ ಹಾಕಿ. ಮಳೆಗಾಲದಲ್ಲಿ ಇನ್ನೂ ಜಾಸ್ತಿ ದಿನ ಬೇಕಾಗುತ್ತದೆ.

ನಿಮ್ಮ ಪ್ಯಾಂಟಿನ ವಿಷಯಕ್ಕೆ ಬಂದರೆ, ಅದು ಚೆನ್ನಾಗಿ ಒಣಗಿರಲಿ. ಪಾತ್ರೆ ತೊಳೆಯುವ ಲಿಕ್ವಿಡ್ ಇದೆಯಲ್ಲ, ಅದನ್ನು ನೀರು ಬೆರೆಸದೆ ಒಣ ಬಟ್ಟೆಯ ಮೇಲೇ ಸುರಿಯಿರಿ. ಮುಖ್ಯವಾದ ಮಾತು ಇದೇ. ಮೊದಲೇ ನೀರಲ್ಲಿ ಅದ್ದಿದರೆ ಲಿಕ್ವಿಡ್ ತೆಳ್ಳಗಾಗಿ ಎಣ್ಣೆಗೆ ಸರಿಯಾಗಿ ತಾಗುವುದಿಲ್ಲ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತಿಕ್ಕಿ. ಜೇಬಿನ ಅಂಚು, ಕಾಲಿನ ತುದಿಯ ಮಡಿಕೆ, ದಪ್ಪ ಹೊಲಿಗೆಗಳನ್ನು ಬಿಡಬೇಡಿ, ವಾಸನೆ ಉಳಿಯುವುದು ಅಲ್ಲೇ. ಅರ್ಧ ಗಂಟೆಯಾದ ಮೇಲೆ ಬಕೆಟ್‌ನಲ್ಲಿ ಬಟ್ಟೆ ತಡೆಯುವಷ್ಟು ಬಿಸಿನೀರು, ಸೋಪಿನ ಪುಡಿ, ಒಂದು ಹಿಡಿ ಒಗೆಯುವ ಸೋಡಾ ಹಾಕಿ ನೆನೆಸಿ. ಕೈಗೆ ಗ್ಲೌಸ್ ಇರಲಿ, ಸೋಡಾ, ಡೀಸೆಲ್ ಎರಡೂ ಚರ್ಮಕ್ಕೆ ಒಳ್ಳೆಯದಲ್ಲ. ನೀರು ತಣ್ಣಗಾದ ಮೇಲೆ ಕೈಯಲ್ಲೇ ಒಗೆದು ಜಾಲಿಸಿ.

ಎಣ್ಣೆ ಹೋಗಿದೆಯೋ ಇಲ್ಲವೋ ನೋಡಲು ಮೂಗನ್ನೊಂದೇ ನಂಬಬೇಡಿ, ಹೊತ್ತು ಕಳೆದಂತೆ ಅದಕ್ಕೆ ವಾಸನೆ ಅಭ್ಯಾಸವಾಗಿಬಿಡುತ್ತದೆ. ಹಳೇ ಕಾಟನ್ ಆದರೆ, ಒಣಗಿದ ಮೇಲೆ ಕಲೆಯಿದ್ದ ಕಡೆ ಒಂದು ಹನಿ ನೀರು ಬಿಡಿ. ತಕ್ಷಣ ಹೀರಿಕೊಂಡರೆ ಸರಿ. ಕೆಸುವಿನೆಲೆ ಮೇಲಿನ ಹನಿಯ ಹಾಗೆ ಗುಂಡಗೆ ನಿಂತರೆ ಜಿಡ್ಡು ಇನ್ನೂ ಇದೆ, ಮತ್ತೊಂದು ಸುತ್ತು ಮಾಡಬೇಕು. ಎರಡು ಮೂರು ಸುತ್ತು ಬೇಕಾದರೆ ಗಾಬರಿ ಬೇಡ.

ವಿನೆಗರ್, ಅಡುಗೆ ಸೋಡಾ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಬೆವರಿನ ವಾಸನೆಗೆ ಸರಿ, ಡೀಸೆಲ್‌ಗೆ ನನಗಂತೂ ನಂಬಿಕೆಯಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಬುಸುಬುಸು ನೊರೆ ಬರುತ್ತದೆ, ಅಷ್ಟೇ. ಒಂದು ಇನ್ನೊಂದರ ಶಕ್ತಿ ಕಳೆಯುತ್ತದೆ. ಬ್ಲೀಚಿಂದ ಬಣ್ಣ ಹೋಗುತ್ತದೆ, ಎಣ್ಣೆ ಹೋಗುವುದಿಲ್ಲ. ಅದನ್ನು ವಿನೆಗರ್ ಜೊತೆ ಬೆರೆಸಿದರಂತೂ ವಿಷಗಾಳಿ ಬರುತ್ತದೆ, ಖಂಡಿತ ಬೇಡ.

ಮಕ್ಕಳ ಬಟ್ಟೆಗೆ ಹತ್ತಿದ್ದು ಮೆಷಿನ್‌ನಿಂದ. ಒದ್ದೆ ಬಟ್ಟೆಗೆ ಪಾತ್ರೆ ಲಿಕ್ವಿಡ್ ಹಾಕಿ ಡ್ರಮ್ ಒರೆಸಿ. ಫ್ರಂಟ್ ಲೋಡ್ ಆದರೆ ಬಾಗಿಲಿನ ರಬ್ಬರ್ ಮಡಿಕೆಯ ಒಳಗೂ ಬೆರಳು ಹಾಕಿ ಒರೆಸಿ. ಕಿಟಕಿ, ಮುಚ್ಚಳ ತೆರೆದಿಟ್ಟು, ವಾಸನೆ ಕಡಿಮೆಯಾದ ಮೇಲೆ ಬಟ್ಟೆಯಿಲ್ಲದೆ ಒಂದು ಸಲ ಬಿಸಿನೀರಲ್ಲಿ ಓಡಿಸಿ. ಮಕ್ಕಳ ಬಟ್ಟೆಗೆ ಹತ್ತಿರುವುದು ಸ್ವಲ್ಪವೇ, ಬಕೆಟ್‌ನಲ್ಲಿ ಒಮ್ಮೆ ನೆನೆಸಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು.

ರೇಷ್ಮೆ ಸೀರೆಗೆ ಇದ್ಯಾವುದನ್ನೂ ಮಾಡಬೇಡಿ, ಸೋಡಾಗೆ ರೇಷ್ಮೆ ಹಾಳಾಗುತ್ತದೆ. ಅದರ ಮೇಲೆ ಡೀಸೆಲ್ ಬಿದ್ದರೆ ಡ್ರೈಕ್ಲೀನ್‌ಗೆ ಕೊಡಿ, ಏನು ಬಿದ್ದಿದೆ ಅಂತ ಮರೆಯದೆ ಹೇಳಿ. ಪೆಟ್ರೋಲ್ ವಾಶ್ ಆಗಿ ಬಂದ ಸೀರೆಯಲ್ಲಿ ಘಾಟು ಉಳಿದಿದ್ದರೆ ಪ್ಲಾಸ್ಟಿಕ್ ಕವರ್ ತೆಗೆದು ನೆರಳಲ್ಲಿ ಹರವಿ. ಘಾಟು ಹೋದ ಮೇಲೆ ಬೀರುವಿನಲ್ಲಿಡಿ.