ಕಸ ಬೀಳಲಿ ಎಂದು ಮರಿಯನ್ನು ಉಪವಾಸ ಕೆಡವಬೇಡಿ

ಮುಂಗಾರಿನ ಮೊದಲ ಹಸಿರು ಮೇದು ಮೈ ಹಿಡಿದ ಕುರಿಗಳು ಜೂನ್ ಮೊದಲ ವಾರ ಗಬ್ಬ ಕಟ್ಟಿದರೆ ಅಕ್ಟೋಬರ್ ಕೊನೆಗೆ ಈಯುತ್ತವೆ. ಗಬ್ಬದ ಅವಧಿ 147ರಿಂದ 150 ದಿನ, ಹೆಚ್ಚು ಕಡಿಮೆ ಐದು ತಿಂಗಳು. ಅಲ್ಲಿಂದ ಸಂಕ್ರಾಂತಿವರೆಗೆ ಶಿರಾ, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳದ ಕಡೆಯ ಹಟ್ಟಿಗಳಲ್ಲಿ ಮರಿಗಳ ಕಾಲ. ಪಶುವೈದ್ಯರ ಫೋನಿಗೆ ಹಗಲು ರಾತ್ರಿ ಬರುವುದು ಒಂದೇ ಪ್ರಶ್ನೆ: “ಡಾಕ್ಟ್ರೇ, ಕುರಿ ಮರಿ ಹಾಕಿ ನಾಕು ತಾಸಾತು, ಕಸ ಇನ್ನಾ ಬಿದ್ದಿಲ್ಲ. ಮರಿಗೆ ಹಾಲು ಬಿಡಬೋದಾ?” ಕಸ ಅಂದರೆ ಕುರಿ ಈದ ಮೇಲೆ ಗರ್ಭಕೋಶದಿಂದ ಹೊರಬೀಳುವ ಮಾಸು.

ಬಿಡಬಹುದಾ ಅಲ್ಲ ಯಜಮಾನರೇ, ಮೂರು ತಾಸಿನ ಹಿಂದೆಯೇ ಬಿಡಬೇಕಿತ್ತು. ಕಸ ಬಿದ್ದ ಮೇಲೆಯೇ ಮರಿಗೆ ಹಾಲು ಬಿಡಬೇಕೆಂದು ನೀವು ಹಾಕಿಕೊಂಡಿರುವ ಗಂಟು ತಲೆಕೆಳಗಾಗಿದೆ. ಹೆರಿಗೆ ಹೇಗೆ ಮಾಡಿಸಬೇಕು, ಮೂಗಿನ ಲೋಳೆ ಹೇಗೆ ಒರೆಸಬೇಕು ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಮುಂಗಾಲು ಎರಡರ ನಡುವೆ ಮೂಗು ಕಂಡರೆ ಸರಿ, ಇಲ್ಲದಿದ್ದರೆ ಫೋನ್ ಮಾಡಬೇಕು ಅನ್ನುವುದು ಹಟ್ಟಿಯ ಹುಡುಗರಿಗೂ ಗೊತ್ತು. ಆದರೆ ಈ ಒಂದು ವಿಷಯವನ್ನು ಎಷ್ಟು ಸಲ ಹೇಳಿದರೂ ಮುಂದಿನ ವರ್ಷ ಅದೇ ಫೋನು, ಅದೇ ಮಾತು. ಆದ್ದರಿಂದ ಇಲ್ಲಿ ಅದನ್ನೇ ಬಿಡಿಸಿ ಬರೆಯುತ್ತೇನೆ.

ಮನುಷ್ಯರ ಕೂಸಿಗೆ ತಾಯಿಯ ರೋಗನಿರೋಧಕ ಶಕ್ತಿಯಲ್ಲಿ ಒಂದಷ್ಟು ಪಾಲು ಹೊಟ್ಟೆಯಲ್ಲಿರುವಾಗಲೇ ರಕ್ತದ ಮೂಲಕ ಸಿಗುತ್ತದೆ. ಕುರಿಯ ಮರಿಗೆ ಹಾಗಿಲ್ಲ. ಕುರಿಯ ಕಸದ ಪದರಗಳು ತಾಯಿಯ ರಕ್ತದಲ್ಲಿರುವ, ರೋಗ ತಡೆಯುವ ಪ್ರತಿಕಾಯಗಳನ್ನು ದಾಟಿಸುವುದಿಲ್ಲ. ಹಾಗಾಗಿ ಮರಿ ನೆಲಕ್ಕೆ ಬೀಳುವಾಗ ಅದರ ಮೈಯಲ್ಲಿ ರೋಗ ತಡೆಯುವ ಬಂಡವಾಳ ಇಲ್ಲವೆಂದೇ ಹೇಳಬೇಕು. ಇರುವುದೆಲ್ಲ ಗಿಣ್ಣು ಹಾಲಿನಲ್ಲಿದೆ. ಅದನ್ನು ಕುಡಿದ ಮೇಲೆ ಪ್ರತಿಕಾಯಗಳು ಜೀರ್ಣವಾಗದೆ ಇಡಿಯಾಗಿ ಕರುಳಿನಿಂದ ರಕ್ತಕ್ಕೆ ಇಳಿಯಬೇಕು. ಹುಟ್ಟಿದ ಹೊಸದರಲ್ಲಿ ಮಾತ್ರ ಕರುಳು ಅದಕ್ಕೆ ದಾರಿ ಬಿಡುತ್ತದೆ. ಮೊದಲ ಆರು ತಾಸು ಆ ದಾರಿ ಚೆನ್ನಾಗಿ ತೆರೆದಿರುತ್ತದೆ, ಆಮೇಲೆ ಬೇಗ ಬೇಗ ಕಿರಿದಾಗುತ್ತಾ 24 ತಾಸಿನ ಹೊತ್ತಿಗೆ ಮುಚ್ಚಿಹೋಗುತ್ತದೆ. ಮಾರನೆಯ ದಿನ ಲೀಟರುಗಟ್ಟಲೆ ಗಿಣ್ಣು ಕುಡಿಸಿದರೂ ಅದು ಹೊಟ್ಟೆಗೆ ಆಹಾರವಾಗುತ್ತದೆ, ರಕ್ತಕ್ಕೆ ರಕ್ಷಣೆಯಾಗುವುದಿಲ್ಲ.

ಇನ್ನು ಕಸದ ಲೆಕ್ಕ ನೋಡಿ. ಆರೋಗ್ಯವಂತ ಕುರಿಯಲ್ಲಿ ಕಸ ಬೀಳಲು ಸಾಮಾನ್ಯವಾಗಿ ಎರಡರಿಂದ ಆರು ತಾಸು ಬೇಕು. ಕಸಕ್ಕಾಗಿ ಕಾಯುವುದೆಂದರೆ ಕರುಳಿನ ದಾರಿ ಚೆನ್ನಾಗಿ ತೆರೆದಿರುವ ಆರು ತಾಸನ್ನೇ ಕೈಯಾರೆ ಕಳೆದುಕೊಂಡ ಹಾಗೆ. ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಮರಿ ಮೊಲೆ ಚೀಪಿದಾಗ, ಕೆಚ್ಚಲನ್ನು ಮೂತಿಯಿಂದ ಗುದ್ದಿದಾಗ, ತಾಯಿಯ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ಹಾಲು ಇಳಿಸುವುದೂ ಅದೇ, ಗರ್ಭಕೋಶವನ್ನು ಹಿಂಡಿ ಕಸವನ್ನು ಹೊರಗೆ ತಳ್ಳುವುದೂ ಅದೇ. ಕಸ ಬೀಳಲೆಂದು ನೀವು ಮರಿಯನ್ನು ದೂರ ಕಟ್ಟುತ್ತೀರಿ, ಮರಿ ದೂರವಿದ್ದಷ್ಟೂ ಕಸ ಬೀಳುವುದು ತಡವಾಗುತ್ತದೆ, ಕಸ ತಡವಾಯಿತೆಂದು ಮರಿಯನ್ನು ಇನ್ನಷ್ಟು ಹೊತ್ತು ಕಟ್ಟುತ್ತೀರಿ.

“ಗಿಣ್ಣು ಗಟ್ಟಿ ಸರ್, ಎಳೆ ಮರಿಗೆ ಅರಗಲ್ಲ, ಭೇದಿ ಹತ್ತುತ್ತೆ” ಎನ್ನುವವರಿದ್ದಾರೆ. ಗಿಣ್ಣು ಕುಡಿದ ಮರಿ ಮೊದಲು ಕಪ್ಪಗೆ ಟಾರಿನಂಥ ಅಂಟು ಹಿಕ್ಕೆ ಹಾಕಿ, ಆಮೇಲೆ ಹಳದಿ ಮೆತ್ತನೆ ಹಾಕುತ್ತದೆ. ಅದು ಭೇದಿಯಲ್ಲ. ಗರ್ಭದಲ್ಲಿದ್ದಾಗ ಕರುಳಲ್ಲಿ ಕೂಡಿಕೊಂಡದ್ದನ್ನು ಗಿಣ್ಣು ಹೊರಗೆ ಹಾಕಿಸುತ್ತಿದೆ, ಅಷ್ಟೇ. ನಿಜವಾದ ಭೇದಿ ಬರುವುದು ಮೂರನೇ, ನಾಲ್ಕನೇ ದಿನ, ಗಿಣ್ಣು ಸಿಗದ ಮರಿಗಳಿಗೇ ಹೆಚ್ಚು.

ಹಿಂಡು ಮೇಯಿಸುವ ಕುರಿಗಾಹಿಗಳಲ್ಲಿ ಈ ತೊಂದರೆ ಅಷ್ಟಾಗಿ ಇಲ್ಲ. ಬಯಲಲ್ಲಿ ಈಯುವ ಕುರಿಯ ಮರಿ ಅರ್ಧ ತಾಸಿನಲ್ಲಿ ಎದ್ದು, ತಾನೇ ತಡಕಾಡಿ ಮೊಲೆ ಹಿಡಿಯುತ್ತದೆ, ಯಾರಪ್ಪಣೆಗೂ ಕಾಯುವುದಿಲ್ಲ. ತಪ್ಪು ಹೆಚ್ಚಾಗಿ ನಡೆಯುವುದು ಹತ್ತಿಪ್ಪತ್ತು ಕುರಿ ಕಟ್ಟಿ ಮೇಯಿಸುವ ಸಣ್ಣ ಫಾರಂಗಳಲ್ಲಿ, ಅದೂ ತುಂಬಾ ಕಾಳಜಿ ಇರುವ ಮನೆಗಳಲ್ಲಿ. ಹಸು ಸಾಕಿದ ಅನುಭವ ಇರುವವರು ಕರು ಕಟ್ಟಿದ ಹಾಗೆ ಮರಿಯನ್ನೂ ಕಟ್ಟುತ್ತಾರೆ. ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಎದುರು ಮಾತಾಡಲು ಮಕ್ಕಳಿಗೆ ಮನಸ್ಸಾಗುವುದಿಲ್ಲ. ಅವರ ಹತ್ತಿರ ವಾದ ಬೇಡ. ಈ ಸಲ ಒಂದು ಕುರಿಗೆ ಹುಟ್ಟಿದ ತಕ್ಷಣ ಮರಿ ಬಿಟ್ಟು ತೋರಿಸಿ, ಕಸ ಬೀಳುವ ಹೊತ್ತನ್ನು ಅವರೇ ನೋಡಲಿ.

ಕುಡಿಸುವ ಕ್ರಮಕ್ಕೆ ಬರೋಣ. ತಾಯಿ ಮರಿಯನ್ನು ನೆಕ್ಕಲು ಬಿಡಿ, ಆ ನೆಕ್ಕುವಿಕೆಯಿಂದಲೇ ಗುರುತು ಕೂಡುತ್ತದೆ. ಕೈ ತೊಳೆದು, ಕೆಚ್ಚಲನ್ನು ಉಗುರು ಬಿಸಿ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಮೊಲೆ ಹಿಡಿದು ಮೇಲಿನಿಂದ ತುದಿಗೆ ನಿಧಾನ ಜಾರಿಸಿದರೆ ಮೊದಲು ಮೇಣದಂಥ ಸಣ್ಣ ಬಿರಡೆ ಹೊರಬರುತ್ತದೆ, ಅದರ ಹಿಂದೆ ಹಳದಿ ಗಿಣ್ಣು. ಎರಡು ಬೆರಳಲ್ಲಿ ಉಜ್ಜಿದರೆ ಅದು ಜೇನಿನಂತೆ ಅಂಟಬೇಕು. ನೀರಾಗಿದ್ದರೆ, ರಕ್ತ ಅಥವಾ ಗರಣೆ ಕಂಡರೆ, ಒಂದು ಪಕ್ಕ ಬಿಸಿಯಾಗಿ ಕಲ್ಲಿನಂತಿದ್ದರೆ ಕೆಚ್ಚಲು ಬಾವು ಇರಬಹುದು, ಆ ಪಕ್ಕದ್ದನ್ನು ಕುಡಿಸಬೇಡಿ. ಮರಿ ಸಾಯುವಷ್ಟು ಹೊತ್ತು ಖಾಲಿ ಮೊಲೆಯನ್ನೇ ಚೀಪುತ್ತಿದ್ದರೂ ದೂರದಿಂದ ನೋಡಿದವರಿಗೆ “ಕುಡೀತಾ ಇದೆ” ಅನ್ನಿಸುವುದು ಈ ಬಿರಡೆ ತೆಗೆಯದ ಕುರಿಗಳಲ್ಲೇ. ಕುಡಿದಿದೆಯೋ ಇಲ್ಲವೋ ತಿಳಿಯಲು ಮರಿಯನ್ನು ಎತ್ತಿ, ಪಕ್ಕೆಲುಬಿನ ಹಿಂದೆ ಹೊಟ್ಟೆ ಮುಟ್ಟಿ ನೋಡಿ. ತುಂಬಿದ್ದರೆ ಕೈಗೆ ಸಿಗುತ್ತದೆ. ಬಾಯೊಳಗೆ ಬೆರಳಿಟ್ಟರೆ ಬೆಚ್ಚಗಿರಬೇಕು.

ಎಷ್ಟು ಬೇಕು? ಮೊದಲ ಎರಡು ತಾಸಿನೊಳಗೆ ತೂಕದ ಪ್ರತಿ ಕಿಲೋಗೆ 50 ಮಿಲಿ, ಮೊದಲ ದಿನ ಒಟ್ಟು ಕಿಲೋಗೆ 200 ಮಿಲಿಯಾದರೂ. ಎರಡೂವರೆ ಕಿಲೋ ಮರಿಗೆ ಮೊದಲ ಸಲ 125 ಮಿಲಿ, ದಿನಕ್ಕೆ ಅರ್ಧ ಲೀಟರ್. ತಾಯಿ ಜೊತೆಗಿದ್ದರೆ ಅಳತೆ ಬೇಕಿಲ್ಲ, ಬಾಟಲಿಯಲ್ಲಿ ಕುಡಿಸುವವರಿಗೆ ಇದು ಬೇಕು. ಒಂದೇ ಸಲ ತುರುಕದೆ ಐದಾರು ಸಲಕ್ಕೆ ಹಂಚಿ. ಮರಿಯನ್ನು ಅಂಗಾತ ಮಲಗಿಸಿ ಕುಡಿಸಬೇಡಿ. ಅದು ತನ್ನ ಕಾಲ ಮೇಲೆ ನಿಂತು, ಕತ್ತು ಸ್ವಲ್ಪ ಮೇಲೆತ್ತಿ ಕುಡಿಯಬೇಕು, ಇಲ್ಲವಾದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಅವಳಿ ಮರಿಗಳ ಮಾತು ಬೇರೆ. ಬನ್ನೂರು, ಬಳ್ಳಾರಿ, ಡೆಕ್ಕನಿ ಕುರಿಗಳು ಬಹುಮಟ್ಟಿಗೆ ಒಂಟಿ ಮರಿ ಹಾಕುವಂಥವು. ಈಗ ಮಹಾರಾಷ್ಟ್ರದ ಫಲ್ಟಣದಲ್ಲಿ ಅಭಿವೃದ್ಧಿಯಾದ ನಾರಿ ಸುವರ್ಣ ತಳಿ ನಮ್ಮ ಕಡೆ ಸಾಕಷ್ಟು ಬಂದಿದೆ. ಬಂಗಾಳದ ಗ್ಯಾರೋಲ್ ಕುರಿಯಿಂದ ಬಂದ ಅವಳಿಯ ಗುಣ ಅದರಲ್ಲಿದೆ. ಎರಡು ಮರಿ ಸಿಗುತ್ತದೆಂದು ತಂದವರು ಗಿಣ್ಣೂ ಎರಡು ಪಾಲು ಬೇಕೆಂಬುದನ್ನು ಮರೆಯುತ್ತಾರೆ. ಕಸ ಬೀಳುವುದು ಎರಡನೇ ಮರಿಯೂ ಬಂದ ಮೇಲೆ, ಹಾಗಾಗಿ ಕಸಕ್ಕೆ ಕಾಯುವ ಮನೆಯಲ್ಲಿ ಮೊದಲು ಹುಟ್ಟಿದ್ದು ಇನ್ನೂ ಹೆಚ್ಚು ಹೊತ್ತು ಹಸಿದಿರುತ್ತದೆ. ಗಟ್ಟಿ ಮರಿ ಎರಡೂ ಮೊಲೆ ಖಾಲಿ ಮಾಡುವ ಮೊದಲು ಸಣ್ಣ ಮರಿಯನ್ನು ಹಿಡಿದು ಕುಡಿಸಿ.

ಎರಡು ತಾಸಾದರೂ ಏಳದ, ಬೆನ್ನು ಗೂನು ಮಾಡಿ ಮೂಲೆ ಸೇರಿದ ಮರಿಗೆ ಮೊದಲು ಗುದದ್ವಾರದಲ್ಲಿ ಥರ್ಮಾಮೀಟರ್ ಇಡಿ. 102ರಿಂದ 104 ಡಿಗ್ರಿ ಫ್ಯಾರನ್‌ಹೀಟ್ ಸರಿಯಾದ ಶಾಖ. 99ರಿಂದ 102ರ ನಡುವೆ ಇದ್ದರೆ ಒರೆಸಿ, ಗೋಣಿತಾಟಲ್ಲಿ ಸುತ್ತಿ, ಗಿಣ್ಣು ಕುಡಿಸಿದರೆ ಚೇತರಿಸಿಕೊಳ್ಳುತ್ತದೆ. ಚೀಪಲು ಆಗದಿದ್ದರೆ ನಳಿಗೆಯಲ್ಲಿ ಕೊಡಬಹುದು. ಮೆಡಿಕಲ್ ಶಾಪಿನಲ್ಲಿ ಸಿಗುವ 14 ನಂಬರಿನ ಮೆತ್ತನೆ ರಬ್ಬರ್ ನಳಿಗೆ ಮತ್ತು 50 ಮಿಲಿ ಸಿರಿಂಜ್ ಸಾಕು. ಮೂಗಿನ ತುದಿಯಿಂದ ಕೊನೆಯ ಪಕ್ಕೆಲುಬಿನವರೆಗೆ ಅಳೆದು ಗುರುತು ಮಾಡಿ, ಬಾಯಿಯ ಪಕ್ಕದಿಂದ ಒತ್ತಾಯ ಮಾಡದೆ ಇಳಿಸಬೇಕು. ಗುರುತಿನವರೆಗೆ ಇಳಿಯದಿದ್ದರೆ, ಮರಿ ಕೆಮ್ಮಿದರೆ, ತೆಗೆದು ಮತ್ತೆ ಹಾಕಿ. ಸಿರಿಂಜಿನ ದಂಡ ತೆಗೆದು ಗಿಣ್ಣು ತಾನೇ ಇಳಿಯಲು ಬಿಡಿ, ಒತ್ತಬೇಡಿ. ಇದನ್ನು ಓದಿ ಕಲಿಯುವುದಕ್ಕಿಂತ ಹತ್ತಿರದ ಪಶು ಆಸ್ಪತ್ರೆಯಲ್ಲಿ ಒಂದು ಸಲ ಕಣ್ಣಾರೆ ನೋಡಿ ಕಲಿಯಿರಿ.

ಶಾಖ 99ಕ್ಕಿಂತ ಕೆಳಗಿದ್ದರೆ, ತಲೆ ಎತ್ತಲಾಗದಿದ್ದರೆ, ಬಾಯಿಗೆ ಏನೂ ಹಾಕಬೇಡಿ. ಹುಟ್ಟಿ ಐದು ತಾಸು ದಾಟಿದ ಅಂಥ ಮರಿಯನ್ನು ಬೆಂಕಿಯ ಮುಂದೆ ಹಿಡಿಯುವುದೂ ಅಪಾಯ. ಅಷ್ಟರಲ್ಲಿ ಅದರ ಮೈಯ ಕೊಬ್ಬು ಕರಗಿ ರಕ್ತದ ಸಕ್ಕರೆ ಇಳಿದಿರುತ್ತದೆ, ಮೈ ಬಿಸಿಯಾದೊಡನೆ ಫಿಟ್ಸ್ ಬಂದು ಸಾಯಬಹುದು. ಮೊದಲು ಹೊಟ್ಟೆಯೊಳಕ್ಕೆ ಗ್ಲೂಕೋಸ್ ಚುಚ್ಚುಮದ್ದು, ಆಮೇಲೆ ಬಿಸಿ. ಆ ಚುಚ್ಚುಮದ್ದು ವೈದ್ಯರ ಕೆಲಸ.

ತಾಯಿ ಸತ್ತರೆ, ಹಾಲೇ ಇಳಿಯದಿದ್ದರೆ? ಅದೇ ದಿನ ಈದ ಬೇರೆ ಕುರಿಯ ಗಿಣ್ಣು ಎಲ್ಲಕ್ಕಿಂತ ಒಳ್ಳೆಯದು, ಆಮೇಲೆ ಮೇಕೆಯದು. ಅದೂ ಸಿಗದಿದ್ದರೆ ಹಸುವಿನ ಮೊದಲ ಸಲದ ಗಿಣ್ಣು, ಅಳತೆಗಿಂತ ಮೂರನೇ ಒಂದು ಪಾಲು ಹೆಚ್ಚು. ಹಸುವಿನ ಗಿಣ್ಣಿನಿಂದ ಕೆಲವು ಮರಿಗಳಿಗೆ ಎರಡನೇ ವಾರದ ಹೊತ್ತಿಗೆ ರಕ್ತಹೀನತೆ ಬರುವುದುಂಟು. ಎರಡು ಮೂರು ಹಸುಗಳದ್ದು ಬೆರೆಸಿದರೆ ಆ ಭಯ ಕಡಿಮೆ, ಆದರೂ ವಸಡು ಬಿಳುಚಿದೆಯೇ ಎಂದು ನೋಡುತ್ತಿರಿ. ಹೆಚ್ಚು ಹಾಲಿನ ಕುರಿಯ ಮರಿ ಹೊಟ್ಟೆ ತುಂಬ ಕುಡಿದ ಮೇಲೆ ಉಳಿದ ಗಿಣ್ಣನ್ನು 100 ಮಿಲಿ ಬಾಟಲಿಗಳಲ್ಲಿ ಹಿಂಡಿ, ತಾರೀಖು ಬರೆದು ಫ್ರೀಜರಿನಲ್ಲಿಟ್ಟರೆ ವರ್ಷದವರೆಗೆ ಬರುತ್ತದೆ. ಕರೆಂಟು ಹೋಗಿ ಒಮ್ಮೆ ಕರಗಿದರೆ ಮತ್ತೆ ಗಟ್ಟಿಮಾಡಬೇಡಿ.

ಆದರೆ ದಯವಿಟ್ಟು ಕುದಿಸಬೇಡಿ. ಹಸಿ ಹಾಲು ಮರಿಗೆ ಆಗದೆಂದು ಗಿಣ್ಣನ್ನು ಒಲೆ ಮೇಲಿಟ್ಟವರಿದ್ದಾರೆ. ನಮ್ಮ ಅಡುಗೆಮನೆಯಲ್ಲಿ ಗಿಣ್ಣು ಬೇಯಿಸಿದಾಗ ಗಡ್ಡೆ ಕಟ್ಟುತ್ತದಲ್ಲ, ಆ ಗಡ್ಡೆಯಲ್ಲಿರುವುದೇ ಮರಿಗೆ ಬೇಕಾದ ಪ್ರತಿಕಾಯಗಳು. ಬೆಂದ ಮೇಲೆ ಅವು ಪ್ರಯೋಜನಕ್ಕಿಲ್ಲ. ಫ್ರೀಜರಿನ ಬಾಟಲಿಯನ್ನು ಕೈ ತಾಳುವಷ್ಟು ಬಿಸಿಯ ನೀರಲ್ಲಿ ನಿಲ್ಲಿಸಿ ಕರಗಿಸಿ, ಮೈಶಾಖಕ್ಕೆ ಬಂದ ಮೇಲೆ ಕೊಡಿ.

ಗಿಣ್ಣಿನ ಗುಣ ಮರಿ ಹುಟ್ಟುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಈಯುವುದಕ್ಕೆ ಮೂರು ನಾಲ್ಕು ವಾರ ಮೊದಲು ತಾಯಿಗೆ ಕರುಳುಬೇನೆಯ ಲಸಿಕೆ ಹಾಕಿಸಿದರೆ ಅದರ ರಕ್ಷಣೆ ಗಿಣ್ಣಿನಲ್ಲಿ ಮರಿಗೆ ಬರುತ್ತದೆ. ಹಿಂದೆ ಹಾಕಿಸಿಯೇ ಇಲ್ಲದ ಕುರಿಗೆ ಮೂರು ನಾಲ್ಕು ವಾರಗಳ ಅಂತರದಲ್ಲಿ ಎರಡು ಸಲ ಬೇಕು, ಎರಡನೆಯದು ಮೇಲೆ ಹೇಳಿದ ಹೊತ್ತಿಗೆ ಬೀಳುವಂತೆ. ತುಂಬು ಗಬ್ಬದ ಕುರಿಯನ್ನು ಲಸಿಕೆಗೆಂದು ಕೆಡವಿ ಹಿಡಿಯಬೇಡಿ. ಮರಿಯ ತೂಕದಲ್ಲಿ ಮುಕ್ಕಾಲು ಪಾಲು ಬೆಳೆಯುವುದೂ ಕೊನೆಯ ಆರು ವಾರದಲ್ಲೇ. ಶೇಂಗಾ ಹೊಟ್ಟು, ತೊಗರಿ ಹೊಟ್ಟಿನ ಜೊತೆಗೆ ಮೆಕ್ಕೆಜೋಳದ ನುಚ್ಚು, ಹಿಂಡಿ, ಬೂಸ, ಖನಿಜ ಮಿಶ್ರಣ ಸೇರಿದ ಕೈತಿಂಡಿ ದಿನಕ್ಕೆ 250 ಗ್ರಾಂ ಕೊಡಿ, ಅವಳಿ ಇದ್ದರೆ 400 ಗ್ರಾಂ. 50 ಗ್ರಾಂನಿಂದ ಶುರುಮಾಡಿ ಹತ್ತು ಹನ್ನೆರಡು ದಿನದಲ್ಲಿ ಏರಿಸಿ. ಒಮ್ಮೆಲೇ ಕಾಳು ಸುರಿದರೆ ಹೊಟ್ಟೆ ಹುಳಿಯಾಗಿ ತಾಯಿ ಮರಿ ಎರಡೂ ಹೋಗುತ್ತವೆ.

ಕುರಿ ನಿಲ್ಲಲು ಸಂದಿ ಬಿಟ್ಟ ಹಲಗೆಯ ಅಟ್ಟಣಿಗೆ ಮಾಡಿರುವವರು ಬಾಣಂತಿ ಕುರಿಯನ್ನು ನೆಲದ ಮೇಲೆ, ಐದಡಿ ಉದ್ದ ನಾಲ್ಕಡಿ ಅಗಲದ ಒಣ ಹುಲ್ಲಿನ ಮರೆಯಲ್ಲಿ ಎರಡು ದಿನ ಇಡಿ. ಎಳೆ ಕಾಲು ಹಲಗೆಯ ಸಂದಿಗೆ ಸಿಕ್ಕಿ ಮುರಿಯುತ್ತದೆ. ಹೊಕ್ಕುಳ ಬಳ್ಳಿಗೆ ಅರಿಸಿನ, ಬೂದಿ, ಸಗಣಿ ಯಾವುದೂ ಬೇಡ, ಧನುರ್ವಾಯುವಿಗೆ ಅದೇ ದಾರಿ. ಟಿಂಚರ್ ಅಯೋಡಿನ್ ತುಂಬಿದ ಸಣ್ಣ ಬಟ್ಟಲಲ್ಲಿ ಬಳ್ಳಿ ಪೂರ್ತಿ ಮುಳುಗಬೇಕು, ಹತ್ತಿಯಲ್ಲಿ ಒರೆಸಿದರೆ ಸಾಲದು.

ಇಷ್ಟಾದ ಮೇಲೂ ಕಸ ಜೋತಾಡುತ್ತಿದ್ದರೆ ಅದಕ್ಕೆ ಕಲ್ಲು, ಹಳೇ ಚಪ್ಪಲಿ ಕಟ್ಟುವುದು, ಎಳೆಯುವುದು ಬೇಡ. ಹರಿದು ಅರ್ಧ ಒಳಗೇ ಉಳಿದರೆ ಕೀವಾಗುತ್ತದೆ, ಗರ್ಭಕೋಶವೇ ಹೊರಬಂದ ಉದಾಹರಣೆಗಳೂ ಇವೆ. 12 ತಾಸಿನವರೆಗೆ ಕಾಯಿರಿ, ಮರಿ ಮಾತ್ರ ಮೊಲೆಗೆ ಬಾಯಿ ಹಾಕುತ್ತಲೇ ಇರಲಿ. ಬಿದ್ದ ಕಸವನ್ನು ನಾಯಿಗೆ ಸಿಗದಂತೆ ಎರಡು ಮೂರು ಅಡಿ ಆಳದಲ್ಲಿ ಸುಣ್ಣ ಹಾಕಿ ಹೂಳಿ. ಕಂದು ಹಾಕಿಸುವ, ಅಂದರೆ ಗಬ್ಬ ಕಳಚಿಸುವ ಕೆಲವು ರೋಗಗಳು ಮನುಷ್ಯರಿಗೂ ಅಂಟುವುದರಿಂದ ಕೈಗೆ ಗ್ಲೌಸ್ ಇರಲಿ, ಮನೆಯ ಗರ್ಭಿಣಿಯರು ಆ ಕೆಲಸಕ್ಕೆ ಬರುವುದು ಬೇಡ.

12 ತಾಸು ದಾಟಿದರೆ, ಅಥವಾ ಅದಕ್ಕೆ ಮೊದಲೇ ಕುರಿ ಮೇವು ಬಿಟ್ಟು ಮಂಕಾದರೆ ಫೋನ್ ಮಾಡಿ. ಮಾಡುವಾಗ ಈದ ಹೊತ್ತು, ಮರಿ ಎಷ್ಟು, ತಾಯಿಯ ಶಾಖ ಎಷ್ಟು, ಮರಿ ಮೊದಲ ಸಲ ಕುಡಿದದ್ದು ಯಾವಾಗ, ಇಷ್ಟನ್ನು ಮೊದಲೇ ಗುರುತು ಹಾಕಿಕೊಂಡಿರಿ.