ಕ್ಷಯದ ಮದ್ದು ದಾಳಿಂಬೆ ತೋಟಕ್ಕೆ ಬಂದ ದಾರಿ

ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ದಾಳಿಂಬೆ ಬೆಳೆಗಾರರಿಗೆ ಸ್ಟ್ರೆಪ್ಟೊಸೈಕ್ಲಿನ್ ಹೊಸ ಹೆಸರಲ್ಲ. ಎಲೆಯ ಮೇಲೆ ಎಣ್ಣೆ ಸೋಕಿದಂಥ ಚುಕ್ಕೆ ಕಾಣಿಸಿ, ಕಾಯಿ ಸೀಳತೊಡಗಿತೆಂದರೆ ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ ಬಂತೆಂದೇ ಅರ್ಥ. ಕೂಡಲೇ ಗೊಬ್ಬರದ ಅಂಗಡಿಯಿಂದ ಪುಟ್ಟ ಪೊಟ್ಟಣಗಳು ಬರುತ್ತವೆ, ಸಿಂಪಡಣೆಯ ನೀರಿಗೆ ಬೀಳುತ್ತವೆ. ಆ ಪುಡಿಯ ಹತ್ತು ಪಾಲಿನಲ್ಲಿ ಒಂಬತ್ತು ಸ್ಟ್ರೆಪ್ಟೊಮೈಸಿನ್, ಒಂದು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ರೋಗಕ್ಕೆಂದು ಬಂದ ಔಷಧಗಳು. ಕ್ಷಯಕ್ಕೆ ಎರಡನೇ ಬಾರಿ ಚಿಕಿತ್ಸೆ ಪಡೆದ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ತಿಂಗಳುಗಟ್ಟಲೆ ಅವರು ಚುಚ್ಚಿಸಿಕೊಂಡ ಇಂಜೆಕ್ಷನ್ ಇದೇ ಸ್ಟ್ರೆಪ್ಟೊಮೈಸಿನ್.

1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿದ್ದ ಆಲ್ಬರ್ಟ್ ಶಾಟ್ಜ್ ಎಂಬ ವಿದ್ಯಾರ್ಥಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಇದನ್ನು ಬೇರ್ಪಡಿಸಿದ. ಪೆನಿಸಿಲಿನ್ ಮುಟ್ಟಲಾಗದ ಕ್ಷಯಕ್ಕೆ ಅದು ಮೊದಲ ಮದ್ದಾಯಿತು. ಬ್ರಿಟನ್ನಿನಲ್ಲಿ 107 ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದರು. 1948ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಮದ್ದು ಪಡೆದ 55 ಜನರಲ್ಲಿ ಆರು ತಿಂಗಳೊಳಗೆ ಸತ್ತವರು 4, ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14. ಆದರೆ ಐದು ವರ್ಷ ಕಳೆಯುವಷ್ಟರಲ್ಲಿ ಮೊದಲ ಗುಂಪಿನಲ್ಲಿ 32, ಎರಡನೆಯದರಲ್ಲಿ 35 ಜನ ತೀರಿಕೊಂಡಿದ್ದರು. ಬದುಕಿದೆವೆಂದು ಮನೆಗೆ ಹೋದವರ ಎದೆಯೊಳಗೆ ಮದ್ದಿಗೆ ಬಗ್ಗದ ಕ್ಷಯಾಣುಗಳು ಬೆಳೆದಿದ್ದವು. ಈ ಎರಡು ಅಂಕಿಗಳನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇದು ಆದದ್ದು ಹೇಗೆ? ಮದ್ದು ಬ್ಯಾಕ್ಟೀರಿಯಾಕ್ಕೆ ಏನನ್ನೂ ಕಲಿಸುವುದಿಲ್ಲ. ಜೀವಕೋಶದೊಳಗೆ ಪ್ರೋಟೀನ್ ಕಟ್ಟುವ ರೈಬೋಸೋಮ್ ಎಂಬ ಯಂತ್ರಕ್ಕೆ ಅಂಟಿಕೊಂಡು ಅದರ ಕೆಲಸ ಕೆಡಿಸುವುದಷ್ಟೇ ಸ್ಟ್ರೆಪ್ಟೊಮೈಸಿನ್‌ನ ರೀತಿ. ಬ್ಯಾಕ್ಟೀರಿಯಾ ಇಬ್ಭಾಗವಾಗುವಾಗ ಅದರ ವಂಶವಾಹಿಯ ನಕಲಿನಲ್ಲಿ ಒಮ್ಮೊಮ್ಮೆ ಒಂದಕ್ಷರ ತಪ್ಪುತ್ತದೆ. ಕೋಟಿ ಕೋಟಿ ಜೀವಿಗಳ ನಡುವೆ ಎಲ್ಲೋ ಒಂದರಲ್ಲಿ ಆ ತಪ್ಪು ರೈಬೋಸೋಮಿನ ಆಕಾರವನ್ನೇ ತುಸು ಬದಲಿಸಿದರೆ ಮದ್ದು ಅಂಟುವುದಿಲ್ಲ. ಮದ್ದು ಬೀಳುವ ಮೊದಲೇ ಆ ಒಂದು ಅಲ್ಲಿರುತ್ತದೆ. 1943ರಲ್ಲೇ ಲೂರಿಯಾ ಮತ್ತು ಡೆಲ್‌ಬ್ರುಕ್ ಎಂಬ ವಿಜ್ಞಾನಿಗಳು ಇಂಥ ಬದಲಾವಣೆಗಳು ತಾವಾಗಿ ಆಗುತ್ತವೆಂದು ತೋರಿಸಿದ್ದರು. ಬರಕ್ಕೆ ಬೆಳೆಯೆಲ್ಲ ಒಣಗಿದ ಹೊಲದಲ್ಲಿ ಕರಿಕೆಯೊಂದೇ ಹಬ್ಬುವಂತೆ, ಉಳಿದವು ಸತ್ತ ಜಾಗವನ್ನೆಲ್ಲ ಅದೇ ತುಂಬುತ್ತದೆ. ಎರಡು ಮೂರು ಮದ್ದುಗಳನ್ನು ಒಟ್ಟಿಗೆ ಕೊಟ್ಟರೆ ಎಲ್ಲಕ್ಕೂ ಬಗ್ಗದ ಜೀವಿ ಹುಟ್ಟುವುದು ಬಲು ಅಪರೂಪ. ಕ್ಷಯಕ್ಕೆ ಇಂದಿಗೂ ಹಲವು ಗುಳಿಗೆಗಳನ್ನು ತಪ್ಪದೆ, ತಿಂಗಳುಗಟ್ಟಲೆ ನುಂಗಿಸುವುದು ಇದೇ ಕಾರಣಕ್ಕೆ.

ಇಷ್ಟೇ ಆಗಿದ್ದರೆ ಪ್ರತಿ ಜಾತಿಯ ಬ್ಯಾಕ್ಟೀರಿಯಾ ತನ್ನ ಪಾಡಿಗೆ ಬದಲಾಗಬೇಕಿತ್ತು. 1950ರ ದಶಕದ ಜಪಾನಿನಲ್ಲಿ ಇನ್ನೊಂದು ದಾರಿ ಬಯಲಾಯಿತು. ಅಲ್ಲಿ ರಕ್ತಭೇದಿ ತರುವ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಈ ನಾಲ್ಕು ಮದ್ದುಗಳಿಗೂ ಒಟ್ಟಿಗೇ ಬಗ್ಗದಾಗಿತ್ತು. ಕರುಳಿನಲ್ಲಿರುವ ನಿರಪಾಯಕಾರಿ ಈ. ಕೋಲೈಯೊಂದಿಗೆ ಕಲೆತಾಗ ಆ ಗುಣ ಒಂದರಿಂದ ಇನ್ನೊಂದಕ್ಕೆ ದಾಟುವುದನ್ನು 1959ರಲ್ಲಿ ಅಲ್ಲಿನ ವಿಜ್ಞಾನಿಗಳು ಕಂಡರು. ಅದನ್ನು ಹೊತ್ತೊಯ್ಯುವುದು ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆ. ಜಾತಿಯ ಗಡಿ ಅದಕ್ಕೆ ದೊಡ್ಡ ತಡೆಯಲ್ಲ. ಮಣ್ಣಿನ ಜೀವಿ, ಗಿಡದ ಜೀವಿ, ದನದ ಕರುಳಿನ ಜೀವಿ, ಮನುಷ್ಯನ ರೋಗಾಣು ಇವೆಲ್ಲ ಈ ಕೊಡುಕೊಳ್ಳುವಿಕೆಯಲ್ಲಿ ಪಾಲುದಾರರು.

ತೋಟದ ಮಾತು ಆಸ್ಪತ್ರೆಯ ಮಾತೂ ಆಗುವುದು ಇಲ್ಲಿಯೇ. ಮರಸೇಬು (ಪಿಯರ್), ಸೇಬು ಗಿಡಗಳ ಬೆಂಕಿರೋಗ (ಫೈರ್ ಬ್ಲೈಟ್) ಎಂಬ ದುಂಡಾಣು ರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಸಿಂಪಡಿಸುತ್ತಿದ್ದ ಕ್ಯಾಲಿಫೋರ್ನಿಯಾದಲ್ಲಿ 1971ರಲ್ಲೇ ಆ ರೋಗಾಣು ಮದ್ದಿಗೆ ಬಗ್ಗದಾಯಿತು. ಆ ಪಾಠ ಇಷ್ಟು ಹಳೆಯದಾದರೂ ನಮ್ಮಲ್ಲಿ ಸಿಂಪಡಣೆ ನಿಲ್ಲಲಿಲ್ಲ. ಲಿಂಬೆ ಜಾತಿಯ ಕಜ್ಜಿರೋಗಕ್ಕೆ ಸ್ಟ್ರೆಪ್ಟೊಸೈಕ್ಲಿನ್ ಬಳಕೆಗೆ ಸರ್ಕಾರದ ಅನುಮತಿಯೇ ಇತ್ತು. ದಾಳಿಂಬೆಗೆ ಅದು ಅನುಮತಿಯ ಪಟ್ಟಿಯ ಹೊರಗಿನಿಂದಲೇ ಬಂತು. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಬೇಸಾಯದಲ್ಲಿ ಈ ಎರಡೂ ಮದ್ದುಗಳ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆದೇಶ ಹೊರಡಿಸಿತು.

ಇದಕ್ಕೆಲ್ಲ ರೈತನನ್ನೇ ದೂರುವುದನ್ನು ನಾನು ಒಪ್ಪುವುದಿಲ್ಲ. ಸಾಲ ಮಾಡಿ ಹನಿ ನೀರಾವರಿ ಹಾಕಿಸಿ, ಕಟಾವಿನ ಹೊತ್ತಿಗೆ ಕಾಯಿ ಸೀಳುವುದನ್ನು ನೋಡುತ್ತ ಕೈಕಟ್ಟಿ ಕುಳಿತುಕೊಳ್ಳುವುದು ಯಾರಿಂದಲೂ ಆಗದು. ಅಂಗಮಾರಿಯನ್ನು ಹತೋಟಿಗೆ ತರುವ ಬೇರೆ ದಾರಿಗಳಿವೆ: ರೋಗವಿಲ್ಲದ ತಾಯಿಗಿಡದಿಂದ ಮಾಡಿದ ಸಸಿ, ರೋಗ ತಗುಲಿದ ಟೊಂಗೆಯನ್ನು ಕತ್ತರಿಸಿ ಸುಡುವುದು, ಕತ್ತರಿಯನ್ನು ಪ್ರತಿ ಗಿಡಕ್ಕೂ ಶುದ್ಧ ಮಾಡುವುದು, ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ, ಗಿಡಕ್ಕೆ ಮೂರು ನಾಲ್ಕು ತಿಂಗಳ ವಿಶ್ರಾಂತಿ. ಎಲ್ಲಕ್ಕಿಂತ ಮುಖ್ಯವಾಗಿ, ಮಳೆ ಮತ್ತು ಹಸಿಗಾಳಿಯಲ್ಲಿ ರೋಗ ಹರಡುವ ಮೃಗ ಬಹಾರದ (ಮಳೆಗಾಲದ ಹೂವಿನ ಹಂಗಾಮಿನ) ಬದಲು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹೂ ಬಿಡಿಸುವ ಹಸ್ತ ಬಹಾರ ಹಿಡಿಯುವುದು. ಆದರೆ ಹಸ್ತ ಬಹಾರದ ಕಾಯಿಗೆ ಚಳಿಗಾಲ ಕಳೆದು ಬೇಸಿಗೆ ಹತ್ತುವವರೆಗೆ ನೀರು ಬೇಕು. ಕೊಳವೆಬಾವಿ ಬತ್ತುವ ಊರಿನಲ್ಲಿ ಆ ನೀರನ್ನು ಹಿಡಿದಿಡಲು ಕೃಷಿ ಹೊಂಡ ಬೇಕು. ಪೊಟ್ಟಣವನ್ನು ಅಂಗಡಿಯಿಂದ ತೆಗೆಸುವ ಸರ್ಕಾರ ಆ ಹೊಂಡಕ್ಕೂ, ರೋಗಮುಕ್ತ ಸಸಿಗೂ ಅದೇ ಆದೇಶದ ಜೊತೆಗೇ ಹಣ ತೆಗೆದಿಡಬೇಕು.